ಒಂದು ಗೇಣು ಬಾಗಿಲು

ನಮ್ಮ ಸೀಮೆಯ ಹವೆಯಲ್ಲಿ ಹುಟ್ಟಿ ಬೆಳೆದವನಿಗೆ, ಮನೆ ಬೆಚ್ಚಗಿರಿಸುವ ಯಂತ್ರದ ಕುರಿತು ಬರೆಯುವ ಅಧಿಕಾರ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಧನುರ್ಮಾಸದ ನಸುಕಿನಲ್ಲಿ ಒಂದು ಹೊದಿಕೆಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡರೆ ತೀರುವಂತಹ ಚಳಿ ಕಾಸರಗೋಡಿನದು. ಆದರೆ ಈಗ ನಮ್ಮ ಮನೆಗಳ ಮಕ್ಕಳು ಹಿಮ ಬೀಳುವ ದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಮಗಳ ಬಾಣಂತನವೆಂದರೆ ಹಿಂದೆ ಅವಳು ತವರಿಗೆ ಬರುತ್ತಿದ್ದಳು. ಈಗ ತವರೇ ಉಪ್ಪಿನಕಾಯಿ, ಬಾಣಂತಿ ಮದ್ದು, ಎಣ್ಣೆಯ ಶೀಶೆ ಎಲ್ಲವನ್ನೂ ಕಟ್ಟಿಕೊಂಡು ವಿಮಾನ ಹತ್ತುತ್ತದೆ. ಹಾಗೆ ಹೋದವರಲ್ಲಿ ನಾವಿಬ್ಬರೂ ಸೇರಿದ್ದೇವೆ. ಅಲ್ಲಿ ಕಂಡ ಒಂದು ಯಂತ್ರದ ವಿಚಾರವನ್ನೂ, ಅದರ ನೆವದಿಂದ ನನ್ನ ಮನಸ್ಸಿನಲ್ಲಿ ನಾಲ್ಕು ದಶಕಗಳಿಂದ ಮುಚ್ಚಿಟ್ಟಿದ್ದ ಒಂದು ಸಂಗತಿಯನ್ನೂ ಇಲ್ಲಿ ಬರೆಯಬೇಕೆಂದಿದ್ದೇನೆ.

2018ರ ದಶಂಬರದ ಕೊನೆಗೆ ಶಾಲೆಯ ಜವಾಬ್ದಾರಿಯನ್ನು ಹಿರಿಯ ಸಹಾಯಕ ಅಧ್ಯಾಪಕರಿಗೆ ವಹಿಸಿ, ರಜೆಯ ಅರ್ಜಿ ಬರೆದು, ಹೆಂಡತಿಯೊಡನೆ ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಹೋದೆ. ಜನವರಿ ಹನ್ನೊಂದಕ್ಕೆ ಮಗಳು ಗಂಡುಮಗುವನ್ನು ಹೆತ್ತಳು. ಹೊರಗೆ ಮೊಣಕಾಲೆತ್ತರದ ಹಿಮ. ಒಳಗೆ ನಮ್ಮ ಚೈತ್ರಮಾಸದಂತಹ ಬೆಚ್ಚನೆ. ನೆಲಮಾಳಿಗೆಯಲ್ಲಿ ಅಡಿಗೆಯ ಅನಿಲದಂತಹದೇ ಒಂದು ಅನಿಲದಿಂದ ಉರಿಯುವ ಫರ್ನೇಸ್ ಎಂಬ ದೊಡ್ಡ ಒಲೆಯಿದೆ. ಅದರ ಬಿಸಿಗಾಳಿ ಗೋಡೆಯೊಳಗಿನ ತಗಡಿನ ಹಾದಿಗಳಲ್ಲಿ ಹರಿದು ಕೋಣೆಕೋಣೆಗೂ ಬರುತ್ತದೆ. ಅದರ ಹೊಗೆ ಬೇರೆಯೇ ಕೊಳವೆಯಲ್ಲಿ ಮನೆಯ ಹೊರಕ್ಕೆ ಹೋಗುತ್ತದೆ. ಈ ‘ಬೇರೆಯೇ ಕೊಳವೆ’ ಎಂಬ ಮಾತನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಮನೆಗೆ ತಾಗಿಕೊಂಡಿದ್ದ ಗ್ಯಾರೇಜಿನಲ್ಲಿ ಮತ್ತೊಂದು ಯಂತ್ರವಿತ್ತು. ಮೊದಲ ನೋಟಕ್ಕೆ ಚಕ್ರವಿರುವ ಪುಟ್ಟ ಫಿರಂಗಿಯೇ ಸರಿ. ಕೆಳಗೆ ಎಣ್ಣೆಯ ತೊಟ್ಟಿ, ಮೇಲೆ ಎರಡೂ ತುದಿ ತೆರೆದ ಉಕ್ಕಿನ ನಳಿಗೆ, ಹಿಂದೆ ಬೀಸಣಿಗೆ. ಸೀಮೆಎಣ್ಣೆ ಹಾಕಿ, ವಿದ್ಯುತ್ತಿನ ತಂತಿ ಚುಚ್ಚಿ ಚಾಲೂ ಮಾಡಿದರೆ ನಳಿಗೆಯ ಬಾಯಿಯಿಂದ ಹೋ ಎಂದು ಬಿಸಿಗಾಳಿ ನುಗ್ಗುತ್ತದೆ. ಅಳಿಯಂದಿರು ರಜೆಯ ದಿನ ಕಾರನ್ನು ಬಿಚ್ಚಿ ಕಟ್ಟುವ ಹವ್ಯಾಸದವರು. ಚಳಿಗೆ ಕೈ ಮರಗಟ್ಟಬಾರದೆಂದು ಇದನ್ನು ತಂದಿರಿಸಿದ್ದರು.

ಯಂತ್ರ ಕಂಡರೆ ಅದರ ಹೊಟ್ಟೆಯೊಳಗೇನಿದೆ ಎಂದು ನೋಡದಿದ್ದರೆ ನನಗೆ ನಿದ್ರೆ ಬಾರದು. ಇದು ಮೇಷ್ಟರುಗಳ ಕಾಯಿಲೆ. ಒಂದು ಮಧ್ಯಾಹ್ನ ಅದರ ಕೈಪಿಡಿಯನ್ನು ಹಿಡಿದು ಕುಳಿತೆ. ಓದುತ್ತಾ ಹೋದಂತೆ ಇದು ನಮ್ಮ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದಿರುವ ಫ್ಲಿಟ್ ಪಂಪಿನ ದಾಯಾದಿಯೆಂದು ತಿಳಿದು ನಗು ಬಂತು. ಸೊಳ್ಳೆಗೆ ಮದ್ದು ಹೊಡೆಯುವ ಆ ತಗಡಿನ ಪಂಪಿನಲ್ಲಿ ನಾವು ಹಿಡಿಯನ್ನು ದೂಡಿದಾಗ ಗಾಳಿ ರಭಸದಿಂದ ಒಂದು ಸಣ್ಣ ಕೊಳವೆಯ ಬಾಯಿಯ ಮೇಲಿಂದ ಹಾಯುತ್ತದೆ; ಆಗ ಅಲ್ಲಿ ಒತ್ತಡ ತಗ್ಗಿ, ಡಬ್ಬಿಯ ದ್ರವ ತಾನಾಗಿ ಮೇಲೇರಿ, ಮಂಜಿನಂತೆ ಸಿಡಿಯುತ್ತದೆ. ಇಲ್ಲಿಯೂ ಅದೇ ತತ್ತ್ವ. ಬೀಸಣಿಗೆಯ ಮೋಟರೇ ಒಂದು ಪುಟ್ಟ ಗಾಳಿಪಂಪನ್ನು ತಿರುಗಿಸುತ್ತದೆ. ಆ ಗಾಳಿ ನಾಸಲಿನಲ್ಲಿ ಹಾಯುವಾಗ ತೊಟ್ಟಿಯ ಎಣ್ಣೆಯನ್ನು ಹೀರಿ ತುಂತುರು ಮಾಡುತ್ತದೆ. ಕಾರಿನಲ್ಲಿರುವಂತಹ ಒಂದು ಪ್ಲಗ್ಗು ಕಿಡಿ ಹಾರಿಸುತ್ತದೆ. ಉರಿಯನ್ನು ಸದಾ ನೋಡುತ್ತಿರಲು ಒಂದು ಬೆಳಕಿನ ಕಣ್ಣನ್ನೂ ಇರಿಸಿದ್ದಾರೆ. ಉರಿ ನಂದಿತೋ, ಆ ಕಣ್ಣು ಕತ್ತಲೆ ಕಂಡು ಯಂತ್ರವನ್ನು ನಿಲ್ಲಿಸುತ್ತದೆ. ಇಲ್ಲವಾದರೆ ಎಣ್ಣೆ ಸುಮ್ಮನೆ ಚಿಮ್ಮುತ್ತಲೇ ಇದ್ದೀತು. ಅಡಿಕೆ ತೋಟಕ್ಕೆ ಬೋರ್ಡೋ ಮದ್ದು ಬಿಟ್ಟವರಿಗೆ ನಾಸಲಿನಲ್ಲಿ ಕಸ ಕೂತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇಲ್ಲಿಯೂ ಗಾಳಿಸೋಸಕದಲ್ಲಿ ಧೂಳು ಕಟ್ಟಿದರೆ ತುಂತುರು ಕೆಡುತ್ತದೆ, ಉರಿ ಹಳದಿಗೆ ತಿರುಗುತ್ತದೆ, ವಾಸನೆ ಏಳುತ್ತದೆ.

ಎಣ್ಣೆಯ ವಿಷಯವಾಗಿ ಒಂದು ವಿನೋದ. ನಮ್ಮ ರೇಷನ್ ಅಂಗಡಿಯ ಚಿಮಿಣಿ ಎಣ್ಣೆ ನೀಲಿ ಬಣ್ಣದ್ದು. ಅಲ್ಲಿ ಎಣ್ಣೆ ನೀರಿನಂತೆ ತಿಳಿಯಾಗಿದ್ದು, ಅದನ್ನು ತುಂಬುವ ಡಬ್ಬಿ ನೀಲಿ! ಪೆಟ್ರೋಲಿನ ಡಬ್ಬಿ ಕೆಂಪು, ಡೀಸೆಲಿನದು ಹಳದಿ. ಈ ಬಣ್ಣಭೇದ ಬರಿಯ ಚಂದಕ್ಕಲ್ಲ. ಸೀಮೆಎಣ್ಣೆ ಸುಮಾರು 38 ಡಿಗ್ರಿ ಸೆಲ್ಸಿಯಸ್ಸಿಗೆ ಬಿಸಿಯಾಗದೆ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಕೊಡದು. ಪೆಟ್ರೋಲಾದರೋ ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕೊಡುತ್ತದೆ. ಕೆಂಪು ಡಬ್ಬಿಯಿಂದ ಒಂದು ಲೋಟ ಈ ಯಂತ್ರಕ್ಕೆ ಬಿದ್ದರೆ ಫಿರಂಗಿ ನಿಜವಾದ ಫಿರಂಗಿಯೇ ಆದೀತು. ಅಳಿಯಂದಿರ ಗ್ಯಾರೇಜಿನಲ್ಲಿ ಕೆಂಪು ನೀಲಿ ಎರಡೂ ಒಂದೇ ಹಲಗೆಯ ಮೇಲೆ ಒಂದಕ್ಕೊಂದು ಒರಗಿಕೊಂಡಿದ್ದುವು. ಅವರು ಆಫೀಸಿಗೆ ಹೋಗಿದ್ದಾಗ ನಾನೇ ಕೆಂಪು ಡಬ್ಬಿಯನ್ನು ಹೊರಗಿನ ಸಾಮಾನಿನ ಗೂಡಿಗೆ ಸಾಗಿಸಿದೆ. ಸಂಜೆ ಅವರು ಹುಡುಕಿದರು. ಸ್ವಲ್ಪ ಮುಖ ಗಂಟಿಕ್ಕಿದರೆಂದೇ ಹೇಳಬೇಕು.

ಕೈಪಿಡಿಯಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿದ ವಾಕ್ಯವೆಂದರೆ ಈ ಯಂತ್ರವನ್ನು ವಾಸದ ಮನೆಯೊಳಗೆ ಎಂದೂ ಉರಿಸಕೂಡದೆಂಬುದು. ಕಟ್ಟಡ ಕಟ್ಟುವಲ್ಲಿ, ಕೊಟ್ಟಿಗೆಯಂತಹ ಗಾಳಿಯಾಡುವ ಜಾಗಗಳಲ್ಲಿ ಮಾತ್ರ ಅದರ ಬಳಕೆ. ಕಾರಣವನ್ನು ಯೋಚಿಸಿದೆ. ಈ ಫಿರಂಗಿಗೆ ಹೊಗೆಗೊಳವೆಯೇ ಇಲ್ಲ! ನಾವು ಬಿಸಿಗಾಳಿಯೆಂದು ಕೈಯೊಡ್ಡುವುದು ಯಾವುದಕ್ಕೋ, ಅದರೊಳಗೇ ಉರಿಯ ಹೊಗೆಯೂ ಬೆರೆತು ಬರುತ್ತದೆ. ಉರಿ ಚೆನ್ನಾಗಿದ್ದಾಗ ಅದು ಕಣ್ಣಿಗೆ ಕಾಣುವ ಹೊಗೆಯಲ್ಲ. ಆದುದರಿಂದಲೇ ಅಪಾಯ ಹೆಚ್ಚು. ಗಂಟೆಗೆ ಒಂದು ಲಕ್ಷ ಬಿ.ಟಿ.ಯು. ಶಾಖಕ್ಕೆ ಮೂರು ಚದರಡಿಯಷ್ಟು ತೆರೆದ ಜಾಗ ಬೇಕೆಂದು ಕೈಪಿಡಿ ಹೇಳುತ್ತಿತ್ತು. ಅಳಿಯಂದಿರ ಯಂತ್ರ ಎಪ್ಪತ್ತೈದು ಸಾವಿರದ್ದು. ಎಂದರೆ ಎರಡೂಕಾಲು ಚದರಡಿ. ಗ್ಯಾರೇಜಿನ ಮೇಲಕ್ಕೇಳುವ ಬಾಗಿಲಿನ ಅಗಲ ಹದಿನಾರು ಅಡಿ. ಲೆಕ್ಕ ಹಾಕಿದೆ: ಎರಡಂಗುಲ ಎತ್ತಿದರೆ ಸಾಕು. ಆದರೆ ಲೆಕ್ಕ ಬೇರೆ, ಉಸಿರು ಬೇರೆ. ಒಂದು ಗೇಣು ಇರಲಿ, ಎದುರಿನ ಕಿಟಿಕಿಯೂ ತೆರೆದಿರಲಿ ಎಂದುಕೊಂಡೆ.

ಜನವರಿ 29ರ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ನೆಲಮಾಳಿಗೆಯ ಫರ್ನೇಸ್ ನಿಂತುಹೋಯಿತು. ಆ ವಾರ ಉತ್ತರ ಧ್ರುವದ ಶೀತಗಾಳಿ ಇಳಿದು ಬಂದಿತ್ತು. ಮರುದಿನ ಬೆಳಗ್ಗೆ ಮಿನಿಯಾಪೊಲಿಸ್ ನಗರದಲ್ಲಿ ದಾಖಲಾದುದು ಶೂನ್ಯಕ್ಕಿಂತ 28 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ. ನಮ್ಮ ಲೆಕ್ಕದಲ್ಲಿ ಮೈನಸ್ 33. ಅಂಚೆಯವರು ಕೂಡ ಅಂದು ಟಪಾಲು ಹಂಚಲಿಲ್ಲ. ರಿಪೇರಿಯವರಿಗೆ ಫೋನು ಮಾಡಿದರೆ, ನಿಮ್ಮ ಮುಂದೆ ಬಹಳ ಮನೆಗಳಿವೆ, ಬೆಳಗ್ಗೆ ಬರುತ್ತೇವೆ ಎಂದರು. ಗೋಡೆಯ ಉಷ್ಣಮಾಪಕದ ಅಂಕೆ ನಾವು ನೋಡುತ್ತಿದ್ದಂತೆಯೇ ಇಳಿಯತೊಡಗಿತು. ಮನೆಯಲ್ಲಿ ಇದ್ದುದು ಒಂದೇ ಒಂದು ಸಣ್ಣ ವಿದ್ಯುತ್ ಹೀಟರು. ಮಗು ಹದಿನೆಂಟು ದಿನದ್ದು.

ಅಳಿಯಂದಿರು ಗ್ಯಾರೇಜಿಗೆ ಹೋಗಿ ಫಿರಂಗಿಯನ್ನು ಎಳೆದುಕೊಂಡು ಬಂದರು. ನಡುಮನೆಯ ಬಾಗಿಲಿಗೆ ಬಂದು, “ಮಾವ, ಸ್ವಲ್ಪ ದಾರಿ ಬಿಡಿ. ಒಂದು ಗಂಟೆ ಉರಿಸಿದರೆ ಇಡೀ ಮನೆ ಬಿಸಿಯಾಗುತ್ತದೆ. ಕೋಣೆಯ ಬಾಗಿಲು ಮುಚ್ಚಿದರಾಯಿತು” ಎಂದರು.

ನಾನು ದಾರಿ ಬಿಡಲಿಲ್ಲ.

ವಾಚಕರು ಇಲ್ಲಿ ಒಂದು ಕ್ಷಣ ನನ್ನೊಡನೆ ಹಿಂದಕ್ಕೆ ಬರಬೇಕು. 1977ರ ಆಟಿ ತಿಂಗಳು. ನನಗೆ ಹನ್ನೊಂದು ವರ್ಷ. ನಮ್ಮ ದೊಡ್ಡಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಆ ವರ್ಷ ಒಂದು ವಾರ ಹಗಲಿರುಳು ಒಂದೇ ಸಮನೆ ಮಳೆ. ಬಾಣಂತಿ ಕೋಣೆಗೆ ಒಂದು ಪುಟ್ಟ ಕಿಟಿಕಿ. ಅದಕ್ಕೂ ಗೋಣಿ ತುರುಕಿದ್ದರು, ಗಾಳಿ ಸೋಂಕಬಾರದೆಂದು. ಮಗುವಿನ ಬಟ್ಟೆ ಒಣಗಬೇಕು, ಬಾಣಂತಿಯ ಸೊಂಟಕ್ಕೆ ಕಾವು ಬೇಕು. ಅಮ್ಮ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಗೆರಟೆಯ ಕೆಂಡ ತುಂಬಿ ಮಂಚದ ಕೆಳಗೆ ಇಟ್ಟಳು. ಗೆರಟೆಯ ಕೆಂಡ ನಿಮಗೆ ಗೊತ್ತಲ್ಲ, ಹೊಗೆಯೇ ಇಲ್ಲ, ಬಂಗಾರದಂತೆ ಹೊಳೆಯುತ್ತದೆ. ಹೊಗೆಯಿಲ್ಲವೆಂದೇ ಅದನ್ನು ಆರಿಸಿದ್ದು. ರಾತ್ರಿ ಅಕ್ಕ ತಲೆಸಿಡಿತವೆಂದಳಂತೆ, ಒಮ್ಮೆ ವಾಂತಿ ಮಾಡಿದಳಂತೆ. ಹಸಿಮೈಗೆ ಇದೆಲ್ಲ ಸಹಜವೆಂದು ಮಲಗಿಸಿದರು. ಬೆಳಗಿನ ಜಾವ ಬಾಗಿಲು ತೆರೆದಾಗ ಅಕ್ಕನಿಗೆ ಎಚ್ಚರವಿರಲಿಲ್ಲ. ಜಗಲಿಗೆ ಎತ್ತಿ ತಂದು ಮಲಗಿಸಿದ ಮೇಲೆ, ಬಹಳ ಹೊತ್ತಿಗೆ ಕಣ್ಣು ಬಿಟ್ಟಳು. ಮಗು ಕಣ್ಣು ಬಿಡಲಿಲ್ಲ. ಅದರ ಕೆನ್ನೆ ಕೆಂಪಗೇ ಇತ್ತು. ಜೀವವಿರುವ ಮಗುವಿಗಿಂತಲೂ ಕೆಂಪು. ಅಜ್ಜಿ ಅದನ್ನು ಕಂಡು, ಇದು ಗಾಳಿಯ ಉಪದ್ರವವೇ ಎಂದರು. ಊರೆಲ್ಲ ಹಾಗೆಯೇ ಆಡಿಕೊಂಡಿತು. ಅಕ್ಕನ ತೋಳಿಗೆ ನೂಲು ಕಟ್ಟಿಸಿದರು.

ಹತ್ತು ವರ್ಷಗಳ ತರುವಾಯ ಶಿಕ್ಷಕ ತರಬೇತಿಯಲ್ಲಿ ವಿಜ್ಞಾನದ ಮಾದರಿ ಪಾಠಕ್ಕಾಗಿ ‘ದಹನ’ ಎಂಬ ವಿಷಯ ನನ್ನ ಪಾಲಿಗೆ ಬಂತು. ಪಾಠಟಿಪ್ಪಣಿ ಬರೆಯಲು ಪುಸ್ತಕಗಳನ್ನು ತಿರುವುತ್ತಿದ್ದಾಗ ಕಾರ್ಬನ್ ಮೋನಾಕ್ಸೈಡಿನ ಪುಟ ತೆರೆಯಿತು. ಗಾಳಿ ಸಾಲದೆ ಉರಿಯುವಲ್ಲಿ, ಮುಚ್ಚಿದ ಕೋಣೆಯ ಕೆಂಡದಲ್ಲಿ ಹುಟ್ಟುವ ಅನಿಲ; ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮೀರಿದ ಆಸೆಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ವಾಂತಿ, ತೂಕಡಿಕೆ, ಪ್ರಜ್ಞೆ ತಪ್ಪುವುದು. ಕೊನೆಯ ಸಾಲು, ಮೃತರ ಚರ್ಮ ಕೆಂಪಾಗಿ ಕಾಣಬಹುದೆಂದು. ಪುಸ್ತಕ ಮುಚ್ಚಿ ಹಾಸ್ಟೆಲಿನ ಅಂಗಳಕ್ಕೆ ಬಂದು ನಿಂತೆ. ವೈದ್ಯರ ಪರೀಕ್ಷೆಯಿಲ್ಲದ ಆ ಸಾವಿಗೆ ನಾನು ಪ್ರಮಾಣ ಕೊಡಲಾರೆ. ಆದರೆ ನನಗೆ ಸಂದೇಹವುಳಿಯಲಿಲ್ಲ.

ಆ ರಜೆಯಲ್ಲಿ ಊರಿಗೆ ಹೋದಾಗ ಹೇಳಬೇಕೆಂದುಕೊಂಡೆ. ಅಮ್ಮ ಅಡಿಗೆಮನೆಯಲ್ಲಿ ಅದೇ ಬಾಣಲೆಯಲ್ಲಿ ಹಪ್ಪಳ ಸುಡುತ್ತಿದ್ದಳು. ಹೇಳಿದರೆ ಏನಾಗುತ್ತಿತ್ತು? ಗಾಳಿಯ ತಲೆಯ ಮೇಲಿದ್ದ ದೋಷ ಅವಳ ಕೈಗೆ ಬರುತ್ತಿತ್ತು. ಹೇಳಲಿಲ್ಲ. ಊರಿನ ಬೇರೆ ಮನೆಗಳಿಗೆ ಹೋಗಿ, ಬಾಣಂತಿ ಕೋಣೆಯ ಕಿಟಿಕಿ ತೆರೆದಿಡಿ ಎಂದು ಹೇಳಿದೆ. ಪ್ರತಿವರ್ಷ ತರಗತಿಯಲ್ಲಿ ಮಕ್ಕಳಿಗೆ ಹೇಳಿದೆ. ನಮ್ಮ ಮನೆಯಲ್ಲಿ ಮಾತ್ರ ಹೇಳಲಿಲ್ಲ.

ಮಿನ್ನೆಸೋಟದ ಆ ನಡುಮನೆಯಲ್ಲಿ ಇದೆಲ್ಲವನ್ನು ಅಳಿಯಂದಿರಿಗೆ ವಿವರಿಸುವ ಹೊತ್ತಿರಲಿಲ್ಲ. “ಇದು ಒಳಗೆ ಬರಕೂಡದು” ಎಂದಷ್ಟೇ ಹೇಳಿದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು. ಅವರು ಕಲಿತವರು, ಮನೆ ಅವರದು, ಮಗು ಅವರದು. ಅಳಿಯನ ಮನೆಯಲ್ಲಿ ಮಾವನಾದವನು ಅಷ್ಟು ಗಟ್ಟಿಯಾಗಿ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಮಗಳು ಮಗುವನ್ನು ಎದೆಗವಚಿಕೊಂಡು ಇಬ್ಬರ ಮುಖವನ್ನೂ ನೋಡುತ್ತಿದ್ದಳು. “ಹಾಗಾದರೆ ಮಗು ಚಳಿಗೆ ಸಾಯಲಿ ಎನ್ನುತ್ತೀರಾ?” ಎಂದರು ಅಳಿಯಂದಿರು. ಆ ಮಾತಿಗೆ ನಾನು ಕೋಪಿಸಿಕೊಳ್ಳಲಿಲ್ಲ. ತಂದೆಯಾದವನು ಇನ್ನೇನು ಹೇಳಿಯಾನು?

ಎದುರು ಮನೆಯಲ್ಲಿ ವೃದ್ಧ ದಂಪತಿಗಳಿದ್ದರು. ಅವರನ್ನು ಕೇಳೋಣವೆಂದು ಮಗಳೇ ಹೇಳಿದಳು. ಫೋನು ಮಾಡಿದ ಐದು ನಿಮಿಷಕ್ಕೆ ಅವರು ಕಾರನ್ನು ನಮ್ಮ ಮೆಟ್ಟಿಲಿಗೇ ತಂದು ನಿಲ್ಲಿಸಿದರು. ನೂರು ಹೆಜ್ಜೆಯ ದೂರಕ್ಕೆ. ಈಗ ನನ್ನ ಹೆಂಡತಿಯ ಸರದಿ. “ಬಾಣಂತಿ ನಡುರಾತ್ರಿ ಹೊಸ್ತಿಲು ದಾಟುವುದೇ?” ಎಂದು ಅವಳು ಬಾಗಿಲಿಗೆ ಅಡ್ಡ ನಿಂತಳು. ಆ ಹಿಮದ ಗಾಳಿಗೆ ಕಣ್ಣರೆಪ್ಪೆಯೂ ಗಟ್ಟಿಯಾಗುತ್ತಿತ್ತು. ಅವಳ ಮಾತಿನಲ್ಲಿ ನ್ಯಾಯವಿರಲಿಲ್ಲವೆನ್ನಲಾರೆ. ಕೊನೆಗೆ ನಾಲ್ಕು ಕಂಬಳಿಗಳಲ್ಲಿ ತಾಯಿ ಮಗುವನ್ನು ಸುತ್ತಿ, ಅವಳನ್ನೂ ಜೊತೆಗೆ ಕೂರಿಸಿ ಕಳುಹಿಸಿದೆವು.

ನಾವು ಗಂಡಸರಿಬ್ಬರು ಉಳಿದೆವು. ಗ್ಯಾರೇಜಿನ ಗೋಡೆಯೊಳಗೆ ನೀರಿನ ನಳಿಗೆಯೊಂದು ಹಾಯುತ್ತಿತ್ತು. ಅದು ಹೆಪ್ಪುಗಟ್ಟಿದರೆ ಒಡೆಯುತ್ತದೆ. ಆದುದರಿಂದ ಯಂತ್ರವನ್ನು ಅದರ ಜಾಗದಲ್ಲಿಯೇ ಉರಿಸೋಣವೆಂದು ಒಪ್ಪಿದೆವು. ಕಾರನ್ನೂ ಹುಲ್ಲು ಕತ್ತರಿಸುವ ಪೆಟ್ರೋಲು ಯಂತ್ರವನ್ನೂ ಹೊರಗೆ ಹಾಕಿದೆವು. ಯಂತ್ರವನ್ನು ಸಮತಟ್ಟಾದ ನೆಲದಲ್ಲಿರಿಸಿ, ಬಾಯಿಯ ಮುಂದೆ ಎಂಟಡಿ, ಮಗ್ಗುಲಿಗೆ ನಾಲ್ಕಡಿ ಬರಿದಾಗಿಸಿದೆವು. ಎಣ್ಣೆಯನ್ನು ಹೊರಗೆ ನಿಂತೇ ತುಂಬಿಸಿದೆವು, ಕಂಠಪೂರ್ತಿ ಅಲ್ಲ. ಚಳಿಯಲ್ಲಿ ಕುಗ್ಗಿದ ಎಣ್ಣೆ ಬೆಚ್ಚಗಾದಾಗ ಹಿಗ್ಗಿ ಚೆಲ್ಲುತ್ತದೆ. ಮೂರು ಮೊನೆಯ ಪ್ಲಗ್ಗನ್ನು ನೇರ ಗೋಡೆಗೇ ಚುಚ್ಚಿದೆವು. ಮನೆಯೊಳಕ್ಕೆ ಹೋಗುವ ಬಾಗಿಲು ಭದ್ರ. ದೊಡ್ಡ ಬಾಗಿಲು ಒಂದು ಗೇಣು ಮೇಲೆ, ಕಿಟಿಕಿ ತೆರೆದಿದೆ. ಆ ರಾಜ್ಯದಲ್ಲಿ ಮಲಗುವ ಕೋಣೆಯಿಂದ ಹತ್ತಡಿಯೊಳಗೆ ಕಾರ್ಬನ್ ಮೋನಾಕ್ಸೈಡ್ ಎಚ್ಚರಿಕೆ ಗಂಟೆ ಇರಲೇಬೇಕೆಂದು ಕಾನೂನಿದೆ. ಮಹಡಿಯಲ್ಲಿ ಯಾರೂ ಮಲಗುವವರಿಲ್ಲವಾದ್ದರಿಂದ ಅದನ್ನು ತಂದು ಗ್ಯಾರೇಜಿಗೆ ತೆರೆಯುವ ಓಣಿಯಲ್ಲಿರಿಸಿದೆ.

ರಾತ್ರಿ ಎರಡು ಗಂಟೆಯ ಹೊತ್ತಿಗೆ, ನಲ್ಲಿಗಳಲ್ಲಿ ನೀರು ಸಣ್ಣಗೆ ತೊಟ್ಟಿಕ್ಕುತ್ತಿದೆಯೇ ಎಂದು ನೋಡಲು ನಾನು ಒಳಗೆ ಹೋದೆ. ಅಡಿಗೆಮನೆಯ ಕುರ್ಚಿಯಲ್ಲಿ ಕಂಬಳಿ ಹೊದ್ದು ಕುಳಿತವನಿಗೆ ಜೊಂಪು ಹತ್ತಿತು. ಕಿವಿ ಹರಿಯುವಂತಹ ಕೂಗಿಗೆ ಎದ್ದೆ. ಓಣಿಯ ಗಂಟೆ ಬಡಿದುಕೊಳ್ಳುತ್ತಿತ್ತು. ಅದರ ಮುಖದಲ್ಲಿ 158 ಎಂಬ ಕೆಂಪು ಅಂಕೆ. ಬಾಗಿಲು ತೆರೆದು ನೋಡಿದರೆ ದೊಡ್ಡ ಬಾಗಿಲು ನೆಲಕ್ಕೆ ತಾಗಿದೆ, ಸಂದಿಗೆ ಹಳೆಯ ಜಮಖಾನೆ ತುರುಕಿದೆ, ಕಿಟಿಕಿ ಮುಚ್ಚಿದೆ. ಅಳಿಯಂದಿರು ಮಡಿಸುವ ಕುರ್ಚಿಯಲ್ಲಿ ತಲೆ ಹಿಡಿದುಕೊಂಡು ಕುಳಿತಿದ್ದಾರೆ. ಒಳಕ್ಕೆ ನುಗ್ಗುತ್ತಿದ್ದ ಹಿಮದ ಪುಡಿಯನ್ನು ನೋಡಲಾರದೆ, ಅರ್ಧ ಗಂಟೆ ಮಾತ್ರವೆಂದು ಮುಚ್ಚಿದ್ದರಂತೆ. ಕಿಟಿಕಿಗೆ ತುರುಕಿದ್ದ ಗೋಣಿಚೀಲ ನನ್ನ ಕಣ್ಣ ಮುಂದೆ ಬಂತು. ಬಾಗಿಲಿನ ಗುಂಡಿ ಒತ್ತಿ, ಅವರ ತೋಳು ಹಿಡಿದು ಹೊರಗೆ ಹಿಮದ ಮೇಲೆ ನಿಲ್ಲಿಸಿದೆ. ಆಮೇಲೆ ಉಸಿರು ಬಿಗಿಹಿಡಿದು ಬಂದು ಸ್ವಿಚ್ಚು ಆರಿಸಿದೆ. ಅವಸರದಲ್ಲಿಯೂ ಪ್ಲಗ್ಗು ಕೀಳಲಿಲ್ಲ. ಸ್ವಿಚ್ಚಿನಿಂದಲೇ ನಿಲ್ಲಿಸಬೇಕು, ತಂತಿ ಎಳೆದಲ್ಲವೆಂದು ಕೈಪಿಡಿ ಹೇಳಿತ್ತು. ಇಂತಹ ವೇಳೆ ಎಲ್ಲರೂ ಹೊರಬಂದು ಅಗ್ನಿಶಾಮಕ ದಳವನ್ನು ಕರೆಯಬೇಕೆಂಬುದು ಅಲ್ಲಿಯ ನಿಯಮ. ನಾನು ಪುನಃ ಒಳಗೆ ಹೋದದ್ದೂ, ನಾವು ಅವರನ್ನು ಕರೆಯದಿದ್ದುದೂ ತಪ್ಪು; ಯಾರೂ ಅನುಸರಿಸಬಾರದು.

ಬಾಗಿಲುಗಳನ್ನೆಲ್ಲ ತೆರೆದು ಗಂಟೆ ಸುಮ್ಮನಾಗುವವರೆಗೆ ಕಾದು, ಎದುರು ಮನೆಯ ನಡುಮನೆಯಲ್ಲಿ ಬೆಳಗು ಮಾಡಿದೆವು. ಅಳಿಯಂದಿರ ತಲೆನೋವು ಸೂರ್ಯೋದಯದ ಹೊತ್ತಿಗೆ ಇಳಿಯಿತು. ಹತ್ತು ಗಂಟೆಗೆ ರಿಪೇರಿಯವನು ಬಂದು ಫರ್ನೇಸ್ ಸರಿಮಾಡಿದ. ಆದರೆ ಗ್ಯಾರೇಜಿನ ನಳಿಗೆ ಒಡೆದಿತ್ತು. ಅದಕ್ಕೆ ತೆತ್ತ ಹಣವನ್ನು ರೂಪಾಯಿಗೆ ತಿರುಗಿಸಿದರೆ ನನ್ನ ಎರಡು ತಿಂಗಳ ಸಂಬಳ. ಅಳಿಯಂದಿರು ಆ ಲೆಕ್ಕವನ್ನು ನನ್ನೆದುರು ಎತ್ತಲಿಲ್ಲ. ಎರಡು ದಿನ ನಮ್ಮೊಳಗೆ ಮಾತೇ ಕಡಿಮೆಯಿತ್ತು. ಮೂರನೆಯ ದಿನ ಅವರೇ ಕಾಫಿ ತಂದು ಕೊಟ್ಟು, “ಮಾವ, ಅಂದು ನಿಮ್ಮ ಮುಖ ನೋಡಿ ನನಗೆ ಹೆದರಿಕೆಯಾಗಿತ್ತು. ಏನಾಗಿತ್ತು ನಿಮಗೆ?” ಎಂದು ಕೇಳಿದರು. ಆಗ ದೊಡ್ಡಕ್ಕನ ಸಂಗತಿಯನ್ನು ಹೇಳಿದೆ. ನನ್ನ ಹೆಂಡತಿ ಪಕ್ಕದಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಮದುವೆಯಾಗಿ ಮೂರು ದಶಕಗಳಾಗುತ್ತ ಬಂದಿದ್ದರೂ ಅವಳೂ ಅದನ್ನು ಮೊದಲ ಬಾರಿಗೆ ಕೇಳಿದ್ದು.

ಹೊರಡುವ ಮುಂಚೆ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ, ನೀಲಿ ಡಬ್ಬಿ ಮಾತ್ರ, ಒಂದು ಗೇಣು ಬಾಗಿಲು, ಕಿಟಿಕಿ ತೆರೆದಿರಲಿ, ಮನೆಯೊಳಗೆ ಬೇಡ ಎಂದು ಕನ್ನಡದಲ್ಲಿ ಬರೆದು ಯಂತ್ರದ ಮೇಲಿನ ಗೋಡೆಗೆ ಅಂಟಿಸಿ ಬಂದೆ. ಅದು ಈಗಲೂ ಅಲ್ಲಿಯೇ ಇದೆಯಂತೆ. ಕಳೆದ ಸಲ ವೀಡಿಯೋದಲ್ಲಿ ಮೊಮ್ಮಗ ಅದರ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ ತೋರಿಸಿದ. ಗೇಣು ಎಂದರೇನೆಂದು ಕೇಳಿದ. ಅಂಗೈ ಅಗಲಿಸಿ ತೋರಿಸಿದೆ. ಅವನೂ ಅಗಲಿಸಿದ, ಅವನ ಗೇಣು ನನ್ನದರ ಅರ್ಧವೂ ಇಲ್ಲ. “ಯಾರ ಗೇಣು ಅಜ್ಜ, ನನ್ನದೋ ನಿನ್ನದೋ?” ಎಂದ. ನನ್ನದೇ ಎಂದೆ.

ಅಮ್ಮ ತೀರಿಕೊಂಡದ್ದು 2013ರಲ್ಲಿ. ದೊಡ್ಡಕ್ಕ ಕಳೆದ ವರ್ಷ ಆಟಿಯಲ್ಲಿ ಹೋದಳು. ಈ ಪತ್ರಿಕೆ ಮನೆಗೆ ಬಂದ ದಿನವೇ ಕನ್ನಡಕ ಹುಡುಕಿ, ಮೊದಲ ಪುಟದಿಂದ ಕೊನೆಯವರೆಗೆ ಓದಿ ಮುಗಿಸುತ್ತಿದ್ದವಳು ಅವಳು. ಆದುದರಿಂದ ಇಷ್ಟು ಕಾಲ ಬರೆದಿರಲಿಲ್ಲ.